ಜಟಾಯುವಿನ ಕುಲವನ್ನು ಎಣಿಸುವವರು

ಮಾಗಿಯ ಮುಂಜಾವಿನಲ್ಲಿ ರಾಮನಗರದಿಂದ ಕೈಲಾಂಚದ ಕಡೆಗೆ ಹೊರಟವರಿಗೆ ಮೊದಲು ಕಾಣುವುದು ಮಂಜು. ಅದು ಕರಗಿದಂತೆ ಹಿಪ್ಪುನೇರಳೆ ತೋಟಗಳು, ಮಾವಿನ ತೋಪುಗಳು, ರಾಗಿ ಕೊಯ್ದು ಬರಿದಾದ ಹೊಲಗಳು ಒಂದೊಂದಾಗಿ ಹೊರಬರುತ್ತವೆ. ಎಲ್ಲಕ್ಕೂ ಹಿಂದೆ, ಎಲ್ಲಕ್ಕಿಂತ ಮೇಲೆ, ಬಂಡೆ. ಭೂವಿಜ್ಞಾನಿಗಳು ಈ ಶಿಲೆಗೆ ರಾಮನಗರದ ಹಳೆಯ ಹೆಸರನ್ನೇ ಇಟ್ಟು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ; ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟ ಈ ಹೋಬಳಿಯ ಭಕ್ತರಿಗೆಲ್ಲ ಪರಿಚಿತವಾದದ್ದು. ಅದೇ ಬಗೆಯ ಶಿಲೆಯ ಇನ್ನೊಂದು ಬೆಟ್ಟ, ಪಟ್ಟಣಕ್ಕೆ ಸಮೀಪದಲ್ಲಿರುವ ರಾಮದೇವರ ಬೆಟ್ಟ. ಹಿಂದಿ ಚಲನಚಿತ್ರವೊಂದರ ದೆಸೆಯಿಂದ ದೇಶಕ್ಕೆಲ್ಲ ಪರಿಚಯವಾದ ಆ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರ ಜನವರಿಯಲ್ಲಿ ಸರ್ಕಾರ ರಣಹದ್ದುಗಳ ಧಾಮವೆಂದು ಘೋಷಿಸಿತು. ರಣಹದ್ದಿಗಾಗಿಯೇ ಮೀಸಲಾದ ದೇಶದ ಮೊದಲ ಧಾಮ ಅದು.

ಚಳಿಗಾಲ ಈ ಹಕ್ಕಿಗಳಿಗೆ ಗೂಡಿನ ಕಾಲ. ಉದ್ದ ಕೊಕ್ಕಿನ ರಣಹದ್ದು ನವೆಂಬರಿನ ಆಸುಪಾಸಿನಲ್ಲಿ ಕಡಿದಾದ ಬಂಡೆಯ ಚಾಚಿನ ಮೇಲೆ ಕಡ್ಡಿಗಳನ್ನು ಹರಡಿ ಒಂದೇ ಒಂದು ಮೊಟ್ಟೆಯಿಡುತ್ತದೆ. ವರ್ಷಕ್ಕೆ ಒಂದು, ಅದು ಕೆಟ್ಟರೆ ಆ ವರ್ಷವೇ ಬರಿದು. ಸುಮಾರು ಐವತ್ತು ದಿನ ಗಂಡು ಹೆಣ್ಣುಗಳೆರಡೂ ಸರದಿಯಂತೆ ಕಾವು ಕೊಡುತ್ತವೆ. ಮರಿ ಹಾರುವುದಕ್ಕೆ ಮತ್ತೆ ಮೂರು ತಿಂಗಳಿಗೂ ಹೆಚ್ಚು ಬೇಕು. ಆ ಮರಿ ತಾನೇ ಗೂಡು ಕಟ್ಟುವಂತಾಗಲು ಹಲವು ವರ್ಷಗಳು. ಆದುದರಿಂದ ಪಕ್ಷಿ ಸಮೀಕ್ಷಕರು ಬರುವುದೂ ಈ ದಿನಗಳಲ್ಲಿಯೇ. ಅವರು ಬೆಟ್ಟವನ್ನು ಏರುವುದಿಲ್ಲ. ಬುಡದಲ್ಲಿ, ದೂರದಲ್ಲಿ, ಪೊದೆಯ ಮರೆಯಲ್ಲಿ ಮುಕ್ಕಾಲಿಯ ಮೇಲೆ ದೂರದರ್ಶಕವನ್ನಿಟ್ಟು ನಿಲ್ಲುತ್ತಾರೆ. ಬಂಡೆಯ ಮೈಮೇಲೆ ಸುಣ್ಣ ಸುರಿದಂತೆ ಇಳಿದ ಹಿಕ್ಕೆಯ ಬಿಳಿಯ ಪಟ್ಟೆಯೇ ಗೂಡಿನ ಗುರುತು. ಬಿಸಿಲೇರಿ ಗಾಳಿ ಕಾದ ಮೇಲಷ್ಟೇ ಈ ಭಾರದ ಹಕ್ಕಿಗಳು ಮೇಲೇಳುತ್ತವೆ; ಅಲ್ಲಿಯವರೆಗೆ ಕಾಯಬೇಕು. ಗಂಟೆಗಟ್ಟಲೆ ಕಾದು ಪುಸ್ತಕದಲ್ಲಿ ಬರೆಯುವುದು ಒಂದೆರಡು ಸಾಲು. ಎಷ್ಟೋ ದಿನ ಆ ಸಾಲೂ ಒಂದೇ ಪದದ್ದು: ‘ಕಾಣಲಿಲ್ಲ.’

ಜಿನಧರ್ಮದ ಅಂಕಣದಲ್ಲಿ ಹೆಣ ತಿನ್ನುವ ಹಕ್ಕಿಯ ಮಾತೇಕೆ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ನಮ್ಮ ಮಾತಿನಲ್ಲಿ ‘ರಣಹದ್ದು’ ಎಂಬುದು ಬೈಗುಳ. ಪರರ ಕಷ್ಟದಲ್ಲಿ ಲಾಭ ಹುಡುಕುವವನಿಗೆ ಆ ಹೆಸರನ್ನು ಅಂಟಿಸುತ್ತೇವೆ. ಆದರೆ ನಮ್ಮ ಪುರಾಣಕಾರರು ಈ ಹಕ್ಕಿಯನ್ನು ಕಂಡ ಬಗೆಯೇ ಬೇರೆ.

7ನೇ ಶತಮಾನದ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಬರುವ ಜಟಾಯುವಿನ ಕಥೆಯನ್ನು ನೆನೆಯೋಣ. ವನವಾಸದಲ್ಲಿ ರಾಮ ಸೀತೆಯರು ಮಾಸೋಪವಾಸ ಮುಗಿಸಿದ ಗುಪ್ತಿ, ಸುಗುಪ್ತಿ ಎಂಬ ಇಬ್ಬರು ಚಾರಣ ಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಸಮೀಪದ ಮರದ ಮೇಲೆ ಒಂದು ಹದ್ದು ಕುಳಿತಿರುತ್ತದೆ. ಮುನಿಗಳನ್ನು ಕಂಡೊಡನೆ ಅದಕ್ಕೆ ಜಾತಿಸ್ಮರಣೆಯುಂಟಾಗುತ್ತದೆ. ಹಿಂದೊಂದು ಭವದಲ್ಲಿ ತಾನು ದಂಡಕನೆಂಬ ಅರಸನಾಗಿದ್ದುದು, ಒಬ್ಬ ಕಪಟಿಯ ಕೃತ್ಯಕ್ಕೆ ಮೋಸಹೋಗಿ, ನಿಜವನ್ನು ವಿಚಾರಿಸದೆ, ನಿರ್ದೋಷಿಗಳಾದ ಮುನಿಸಂಘವನ್ನೇ ಗಾಣದಂತಹ ಯಂತ್ರದಲ್ಲಿ ಅರೆಯಿಸಿದುದು, ಆ ಪಾಪದ ಫಲವಾಗಿ ಹಲವು ದುರ್ಗತಿಗಳಲ್ಲಿ ತೊಳಲಿದುದು ಎಲ್ಲವೂ ನೆನಪಾಗುತ್ತದೆ. ಹಕ್ಕಿ ಮರದಿಂದ ಮುನಿಗಳ ಪಾದದ ಬಳಿಗೆ ಉರುಳುತ್ತದೆ. ಅವರ ಪಾದೋದಕ ಸೋಕಿ ಅದರ ಮೈ ರತ್ನದಂತೆ ಬೆಳಗುತ್ತದೆ. ಮುನಿಗಳಿಂದ ಅದು ಶ್ರಾವಕನ ವ್ರತಗಳನ್ನು ಕೈಗೊಳ್ಳುತ್ತದೆ. ತಲೆಯ ಮೇಲೆ ಜಟೆಯಂತೆ ಹೊಳೆದ ಕಿರಣಗಳಿಂದಾಗಿ ರಾಮನು ಅದನ್ನು ಜಟಾಯು ಎಂದು ಕರೆಯುತ್ತಾನೆ. ಮುಂದೆ ಸೀತೆಯನ್ನು ಕಾಯಲು ಹೋಗಿ ನೆಲಕ್ಕೆ ಬಿದ್ದ ಜಟಾಯುವಿನ ಕಿವಿಯಲ್ಲಿ ರಾಮನು ಪಂಚನಮಸ್ಕಾರವನ್ನು ಉಸುರುತ್ತಾನೆ. ಆ ಜೀವ ದೇವಗತಿಗೆ ಸಲ್ಲುತ್ತದೆ.

ಇದನ್ನು ಬರಿಯ ಕಥೆಯೆಂದು ಬದಿಗಿಡುವಂತಿಲ್ಲ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿಯು ಸಮ್ಯಗ್ದರ್ಶನವನ್ನು ಪಡೆಯಬಲ್ಲದು, ಅಣುವ್ರತಗಳನ್ನು ತಾಳಿ ಐದನೆಯ ಗುಣಸ್ಥಾನದವರೆಗೆ ಏರಬಲ್ಲದು ಎಂಬುದು ನಮ್ಮ ಸಿದ್ಧಾಂತ. ಅದನ್ನು ತೋರಿಸಲು ಪುರಾಣಕಾರರು ಹಂಸವನ್ನೋ ಗಿಳಿಯನ್ನೋ ಆರಿಸಿಕೊಳ್ಳಬಹುದಿತ್ತು. ಹದ್ದೇ ಆ ಪಾತ್ರಕ್ಕೆ ಉಳಿಯಿತು. ನಾವು ಮುಖ ತಿರುಗಿಸುವ ಮೈಯೊಳಗೂ ವ್ರತಕ್ಕೆ ಯೋಗ್ಯವಾದ ಜೀವವಿದೆ ಎಂಬುದನ್ನು ಇದಕ್ಕಿಂತ ಬಲವಾಗಿ ಹೇಳಲಾಗದು. ಬಂಡೆಯ ಮೇಲೆ ಮೊಟ್ಟೆಗೆ ಕಾವು ಕೊಡುತ್ತಿರುವ ಆ ಬೋಳು ಕತ್ತಿನ ಹಕ್ಕಿಯನ್ನು ನೋಡುವಾಗ ನನಗೆ ರಾಮದೇವರ ಬೆಟ್ಟ ಎಂಬ ಹೆಸರಿನ ಔಚಿತ್ಯವೂ ಹೊಳೆಯುತ್ತದೆ.

ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾತಿ ಆಚಾರ್ಯರಿಗೆ ಗೃಧ್ರಪಿಂಛಾಚಾರ್ಯ ಎಂಬ ಹೆಸರೂ ಇದೆ. ಗೃಧ್ರವೆಂದರೆ ಹದ್ದು. ಮುನಿಗಳು ಕೂರುವ, ಮಲಗುವ ಎಡೆಯಲ್ಲಿನ ಸೂಕ್ಷ್ಮ ಜೀವಿಗಳನ್ನು ನೋಯದಂತೆ ಸರಿಸಲು ನವಿಲುಗರಿಯ ಪಿಂಛಿಯನ್ನು ಹಿಡಿಯುವುದು ವಾಡಿಕೆ. ಈ ಆಚಾರ್ಯರು ಜೀವರಕ್ಷಣೆಗಾಗಿ ಹದ್ದಿನ ಗರಿಗಳನ್ನು ಧರಿಸಿದ್ದರೆಂದು ಶ್ರವಣಬೆಳಗೊಳದ 15ನೇ ಶತಮಾನದ ಶಾಸನವೊಂದು ಸ್ಮರಿಸುತ್ತದೆ. ಹೆಣದ ಮೇಲೆರಗುವ ಹಕ್ಕಿಯಿಂದ ಉದುರಿದ ಗರಿ ಇರುವೆಯ ಜೀವವನ್ನು ಕಾಯುವ ಉಪಕರಣವಾಯಿತು. ಜೀವಿಗಳು ಒಂದಕ್ಕೊಂದು ನೆರವಾಗುವುದೇ ಜೀವಿಗಳ ಕಾರ್ಯ ಎಂಬರ್ಥದ, ಇಂದು ಜೈನ ಲಾಂಛನದ ಕೆಳಗೆ ನಾವೆಲ್ಲ ಕಾಣುವ ಸೂತ್ರ ಇದೇ ಆಚಾರ್ಯರದು. ಹದ್ದಿನ ಹೆಸರು ಹೊತ್ತವರು ಆ ಸೂತ್ರವನ್ನು ಕೊಟ್ಟರು. ಅದಕ್ಕೆ ಹದ್ದಿಗಿಂತ ಒಳ್ಳೆಯ ನಿದರ್ಶನವನ್ನು ನಮ್ಮ ಕಾಲದಲ್ಲಿ ಹುಡುಕಬೇಕಾಗಿಲ್ಲ.

ಆ ನಿದರ್ಶನ ದುಃಖದ್ದು. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತು; ಉದ್ದ ಕೊಕ್ಕಿನದು ನೂರಕ್ಕೆ ಮೂರರಂತೆ. ಬೇಟೆಯಲ್ಲ, ರೋಗವಲ್ಲ. ಕಾರಣ ತಿಳಿದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಂದ. ದನಕರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಚುಚ್ಚಿದ ಕೆಲವೇ ದಿನಗಳಲ್ಲಿ ಆ ದನ ಸತ್ತರೆ ಅದರ ಮಾಂಸದಲ್ಲಿ ಉಳಿದಿರುತ್ತಿತ್ತು. ಅದನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಡುತ್ತಿದ್ದವು. ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಬಿಳಿಯ ಪುಡಿಯಂತೆ ಕಟ್ಟುತ್ತಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಹೆಣದಲ್ಲಿ ವಿಷವಿದ್ದರೂ ಈ ಕುಲ ನಾಶವಾಗಲು ಸಾಕೆಂದು ಲೆಕ್ಕ ತೋರಿಸಿತು. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಎರಗುತ್ತವೆ. ಎಲ್ಲೆಲ್ಲಿಂದಲೋ ಬಂದು ಎರಗುತ್ತವೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆ ಸೂಜಿಯನ್ನು ಚುಚ್ಚಿದವರು ಯಾರು? ಹಸುವಿನ ನರಳಾಟವನ್ನು ನೋಡಲಾರದ ರೈತ, ಗೋಶಾಲೆಯ ಸೇವಕ, ಪಶುವೈದ್ಯ. ಅವರ ಮನಸ್ಸಿನಲ್ಲಿದ್ದುದು ಕರುಣೆಯೇ. ದಯೆಯೇ ಒಂದು ಕುಲವನ್ನು ಬರಿದು ಮಾಡಿತು ಎಂಬುದು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮಗೆ ಜೀರ್ಣಿಸಿಕೊಳ್ಳಲು ಕಷ್ಟವಾದ ಸಂಗತಿ. ಮೊದಲು ಜ್ಞಾನ, ಆಮೇಲೆ ದಯೆ ಎಂಬ ಕ್ರಮವನ್ನು ದಶವೈಕಾಲಿಕ ಸೂತ್ರ ವಿಧಿಸುವುದು ಇದಕ್ಕಾಗಿಯೇ ಇರಬೇಕು. ಜೀವವೆಲ್ಲಿದೆ, ಅದು ಹೇಗೆ ಬದುಕುತ್ತದೆ ಎಂದು ಅರಿಯದವನು ಯಾವುದನ್ನು ಕಾಯುತ್ತಾನೆ?

ತತ್ತ್ವಾರ್ಥಸೂತ್ರವಂತೂ ಹಿಂಸೆಯನ್ನು ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ಮನ ವಚನ ಕಾಯಗಳ ವ್ಯಾಪಾರವನ್ನೇ ಅದರ ಮೂಲದಲ್ಲಿಡುತ್ತದೆ. ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಕಾಣದ ಜೀವವೊಂದು ಸಿಕ್ಕರೆ ಅದರ ಬಂಧ ಅವರಿಗಿಲ್ಲ. ಎಚ್ಚರವಿಲ್ಲದೆ ನಡೆದವನ ಕಾಲಡಿಗೆ ಏನೂ ಸಿಗದಿದ್ದರೂ ದೋಷ ತಪ್ಪದು. ಈ ಅಳತೆಗೋಲಿನಿಂದ ನೋಡಿದರೆ 2004ಕ್ಕೆ ಮೊದಲು ನಡೆದದ್ದು ಅಜ್ಞಾನದ ಫಲ. 2004ರ ನಂತರವೂ ನಡೆದದ್ದಕ್ಕೆ, ಇಂದಿಗೂ ಎಲ್ಲಾದರೂ ನಡೆಯುತ್ತಿದ್ದರೆ ಅದಕ್ಕೆ, ಪ್ರಮಾದವೆಂದಲ್ಲದೆ ಬೇರೆ ಹೆಸರಿಲ್ಲ. ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಭಾರತ 2006ರಲ್ಲಿಯೇ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ತಯಾರಾದ ದೊಡ್ಡ ಶೀಶೆಗಳು ಕೊಟ್ಟಿಗೆಯ ದಾರಿ ಹಿಡಿದವು. 2015ರಲ್ಲಿ ಆ ದೊಡ್ಡ ಶೀಶೆಗಳನ್ನೂ ತಡೆದು, ಒಂದು ಸಲಕ್ಕೆ ಸಾಲುವಷ್ಟು ಮದ್ದಿನ ಸಣ್ಣ ಶೀಶೆಗಳಿಗೆ ಮಾತ್ರ ಅನುಮತಿ ಕೊಡಬೇಕಾಯಿತು. ಅದೇ ಬಗೆಯ ಹಾನಿ ಮಾಡುವ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳು ಪಶುಗಳಿಗೆ ನಿಷಿದ್ಧವಾದದ್ದು 2023ರಲ್ಲಿ.

ಹದ್ದು ಹೋದರೆ ನಮಗೇನು ಎನ್ನುವವರಿಗೂ ಉತ್ತರವಿದೆ. ಅದರ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ಕೊಳೆತ ಹೆಣದ ರೋಗಾಣುಗಳು ಅಲ್ಲಿ ಉಳಿಯುವುದು ಕಷ್ಟ. ಹದ್ದುಗಳಿಲ್ಲದ ಊರುಗಳಲ್ಲಿ ಹೆಣಗಳು ಕೊಳೆತವು, ನೀರು ಕೆಟ್ಟಿತು, ನಾಯಿಗಳು ಹೆಚ್ಚಿದವು. 2000ದಿಂದ 2005ರವರೆಗಿನ ಅವಧಿಯಲ್ಲಿ ಇದರಿಂದಾಗಿ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಸಾವುಗಳಾದವೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜಿಸಿದೆ. ಗೃಧ್ರಪಿಂಛಾಚಾರ್ಯರ ಸೂತ್ರಕ್ಕೆ ಇಂತಹ ವ್ಯಾಖ್ಯಾನ ಬರೆಯಬೇಕಾಗುತ್ತದೆಂದು ಹಿಂದಿನ ಟೀಕಾಕಾರರು ಎಣಿಸಿರಲಾರರು.

ಕೈಲಾಂಚದ ರೇಷ್ಮೆ ಬೆಳೆಗಾರರಿಗೆ ಈ ವಿಷದ ದಾರಿಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆಯ ಎಲೆಗೆ ಸೋಕಿದರೂ ಸಾಕು, ಆ ಸೊಪ್ಪು ತಿಂದ ಹುಳು ಸಾಯುತ್ತದೆ ಎಂಬುದನ್ನು ಅವರು ಅನುಭವದಿಂದ ಬಲ್ಲರು. ರೇಷ್ಮೆಯ ವಿಷಯದಲ್ಲಿ ಜೈನ ಶ್ರಾವಕರಿಗಿರುವ ಸಂಕೋಚ ಬೇರೆಯೇ ಚರ್ಚೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಒಬ್ಬರು ಹೊಡೆದದ್ದು ಇನ್ನೊಂದು ಜೀವಿಯ ಹೊಟ್ಟೆಯಲ್ಲಿ ಫಲಿಸುತ್ತದೆ ಎಂಬ ತಿಳಿವಿನಲ್ಲಿ ಮಾತ್ರ ಅವರು ನಮಗಿಂತ ಮುಂದಿದ್ದಾರೆ.

ದಯೆ ಮತ್ತು ಅರಿವುಗಳ ಈ ಮಾತಿಗೆ ಪೂರಕವಾದ ಇನ್ನೊಂದು ದೃಶ್ಯ ನಮ್ಮ ನಾಡಿನಿಂದ ಬಹುದೂರದಲ್ಲಿ, ರಾಜಸ್ಥಾನದ ಮರುಭೂಮಿಯಲ್ಲಿ, ಇದೇ ಚಳಿಗಾಲದಲ್ಲಿ ಕಾಣಸಿಗುತ್ತದೆ. ಫಲೋದಿಯ ಸಮೀಪದ ಖೀಚನ್ ಎಂಬ ಗ್ರಾಮಕ್ಕೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಕುರ್ಜಾ ಎಂಬ ಕ್ರೌಂಚ ಜಾತಿಯ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. ಊರಿನ ಜೈನ ಕುಟುಂಬಗಳು ಮೊದಲುಗೊಂಡು ಗ್ರಾಮಸ್ಥರು ತಲೆಮಾರುಗಳಿಂದ ಅವುಗಳಿಗೆ ಧಾನ್ಯ ಚೆಲ್ಲುತ್ತ ಬಂದಿದ್ದಾರೆ. ಅದಕ್ಕೆಂದೇ ಬೇಲಿ ಕಟ್ಟಿದ ಅಂಗಳವಿದೆ. 2025ರಲ್ಲಿ ಖೀಚನ್ ರಾಮ್ಸರ್ ಪಟ್ಟಿಗೆ ಸೇರಿತು. ಈ ದಾನಶೀಲತೆಯನ್ನು ಹೊಗಳದಿರಲು ಸಾಧ್ಯವಿಲ್ಲ. ಆದರೆ ಧಾನ್ಯ ಚೆಲ್ಲಿದ ಮಾತ್ರಕ್ಕೆ ಹಕ್ಕಿ ಉಳಿಯುವುದಿಲ್ಲ. ಹಾರುವ ದಾರಿಗೆ ಅಡ್ಡವಾದ ವಿದ್ಯುತ್ ತಂತಿಗೆ ಬಡಿದು ಬಿದ್ದವು ಎಷ್ಟು, ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ಯಾರಾದರೂ ಚಳಿಯಲ್ಲಿ ನಡೆದು ಎಣಿಸಿ ಬರೆದಿಡಬೇಕು. ಬಿಕಾನೇರದ ಬಳಿಯ ಜೋಡಬೀಡದಲ್ಲಿಯೂ ಅಷ್ಟೇ. ಸತ್ತ ದನ, ಒಂಟೆಗಳನ್ನು ತಂದು ಹಾಕುವ ಆ ಮರಳುನೆಲಕ್ಕೆ ಚಳಿಗಾಲದಲ್ಲಿ ದೂರದ ದೇಶಗಳ ರಣಹದ್ದುಗಳೂ ಗಿಡುಗಗಳೂ ಗುಂಪುಗೂಡುತ್ತವೆ. ಆ ದುರ್ವಾಸನೆಯ ನಡುವೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಕ್ಕಿಗಳನ್ನು ಲೆಕ್ಕಹಾಕುವ ಜೀವಶಾಸ್ತ್ರಜ್ಞರದೂ ಒಂದು ಪರೀಷಹಜಯವೇ. ಮುನಿಗಳ ಶೀತ ಪರೀಷಹಕ್ಕೆ ಅದನ್ನು ಹೋಲಿಸುವುದು ಅತಿಯಾದೀತು; ಆದರೂ ಆ ದಿಕ್ಕಿನದು.

ಎಣಿಕೆಯ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರೊಳಗೆ ನಮ್ಮ ವ್ರತಗಳು ಒಂದೊಂದಾಗಿ ಕಾಣಿಸುತ್ತವೆ. ರಣಹದ್ದು ಆಹಾರಕ್ಕಾಗಿ ದಿನಕ್ಕೆ ಹತ್ತಾರು ಮೈಲಿ ಸುತ್ತುವ ಹಕ್ಕಿ. ಬೆಳಿಗ್ಗೆ ರಾಮದೇವರ ಬೆಟ್ಟದಲ್ಲಿ ಕಂಡದ್ದು ಮಧ್ಯಾಹ್ನ ಮಾಗಡಿಯ ಕಡೆಯ ಬಂಡೆಯ ಮೇಲಿರಬಹುದು. ಅದನ್ನು ಇಬ್ಬರು ಬೇರೆಬೇರೆಯಾಗಿ ಬರೆದುಕೊಂಡರೆ ಒಂದು ಎರಡಾಗುತ್ತದೆ. ಆದುದರಿಂದಲೇ ಒಂದೇ ದಿನ, ಒಂದೇ ಹೊತ್ತಿನಲ್ಲಿ, ಹಲವು ನೆಲೆಗಳಲ್ಲಿ ನಿಂತು ಎಣಿಸುವ ಪದ್ಧತಿ ಬಂದಿದೆ. 2023ರಲ್ಲಿ ಕರ್ನಾಟಕ, ತಮಿಳುನಾಡು, ಕೇರಳಗಳ ಅರಣ್ಯಗಳಲ್ಲಿ ರಾಜ್ಯಗಳ ಗಡಿಯನ್ನು ಮೀರಿ ಹೀಗೆ ಏಕಕಾಲದ ಗಣತಿ ನಡೆಯಿತು. ಇದು ಸತ್ಯವ್ರತದ ವಿಷಯ. ಹಕ್ಕಿಯ ಮೇಲಿನ ಪ್ರೀತಿಯಿಂದ ಒಂದನ್ನು ಎರಡೆಂದು ಬರೆದವನು ಹಕ್ಕಿಗೆ ದ್ರೋಹ ಬಗೆದಂತೆ, ಏಕೆಂದರೆ ಸಂಖ್ಯೆ ಹೆಚ್ಚಿದೆಯೆಂದು ನಂಬಿದವರು ಕಾವಲನ್ನು ಸಡಿಲಿಸುತ್ತಾರೆ.

‘ಕಾಣಲಿಲ್ಲ’ ಎಂಬ ಆ ಒಂದೇ ಪದದ ಸಾಲನ್ನು ಈಗ ಮತ್ತೆ ನೋಡಬಹುದು. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಇಂಥ ದಿನ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ, ಇಂಥ ನೆಲೆಯಲ್ಲಿ ನಿಂತು, ಇಷ್ಟು ಮಂಜಿದ್ದಾಗ, ನನ್ನ ಕಣ್ಣಿಗೆ ಕಾಣಲಿಲ್ಲ. ಬೇರೆ ನೆಲೆಯಿಂದ ಕಂಡಿರಬಹುದು. ಒಳ್ಳೆಯ ಸಮೀಕ್ಷಕ ಇವೆಲ್ಲವನ್ನೂ ಬರೆಯುತ್ತಾನೆ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ಮಾತ್ರ ಒಂದನ್ನು ‘ಇದೆ’, ‘ಇಲ್ಲ’ ಎನ್ನಬೇಕೆಂದು ನಮ್ಮ ಸ್ಯಾದ್ವಾದ ಕಲಿಸುತ್ತದೆ. ಶಾಸ್ತ್ರಸಭೆಯಲ್ಲಿ ‘ಸ್ಯಾತ್’ ಪದದ ಅರ್ಥವನ್ನು ಗಂಟೆಗಟ್ಟಲೆ ವಿವರಿಸುವ ನಾವು ನಿತ್ಯದ ಮಾತಿನಲ್ಲಿ ಅದನ್ನು ಮರೆಯುತ್ತೇವೆ. ನೆರೆಯವನ ನಡತೆಯ ಮೇಲೆ ಒಂದೇ ಸಲ ಕಂಡು ತೀರ್ಪು ಕೊಡುತ್ತೇವೆ. ದಂಡಕ ರಾಜ ಮಾಡಿದ್ದೂ ಅದನ್ನೇ. ಒಬ್ಬ ಕಪಟ ವೇಷಧಾರಿಯನ್ನು ಕಂಡು ಇಡೀ ಸಂಘವನ್ನು ಅಳೆದ.

ನಡಿಗೆಯಲ್ಲಿಯೂ ಶಿಸ್ತಿದೆ. ನೊಗದ ಉದ್ದದಷ್ಟು, ಅಂದರೆ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ ಹಗಲಿನಲ್ಲಿ ನಡೆಯಬೇಕೆಂಬುದು ಮುನಿಗಳ ಈರ್ಯಾಸಮಿತಿ. ಬಂಡೆಯ ಬುಡದಲ್ಲಿ ಅಡ್ಡಾಡುವವನಿಗೆ ನೆಲದ ಜೊತೆಗೆ ಗೂಡಿನಿಂದ ಇರುವ ದೂರದ ಮೇಲೂ ಕಣ್ಣಿರಬೇಕು. ಜನ ಹತ್ತಿರ ಬಂದು ಗದ್ದಲ ಮಾಡಿದರೆ ತಾಯಿಹಕ್ಕಿ ಎದ್ದುಹೋಗುತ್ತದೆ; ಕಾದ ಬಂಡೆಯ ಮೇಲೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ ನಮ್ಮ ಮುನಿಗಳು ನಾಲ್ಕು ತಿಂಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಈ ಬಂಡೆಗಳಿಗೂ ಒಂದು ಚಾತುರ್ಮಾಸವಿದೆ; ಅದು ಕಾರ್ತಿಕದಲ್ಲಿ ಮುಗಿಯದೆ ಅಲ್ಲಿಂದಲೇ ತೊಡಗುತ್ತದೆ. ಆ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋಗುವ ಭಕ್ತರು ದೇವರ ದರ್ಶನ ಮಾಡಿ, ಧ್ವನಿವರ್ಧಕವಿಲ್ಲದೆ, ಸಿಡಿಮದ್ದಿಲ್ಲದೆ, ಬಂಡೆಯ ಅಂಚಿಗೆ ಹೋಗದೆ ಇಳಿದು ಬಂದರೆ ಅದೂ ವ್ರತಾಚರಣೆಯೇ.

ಗೋಶಾಲೆಗಳಿಗೆ, ಪಾಂಜರಪೋಳಗಳಿಗೆ ಕಾಣಿಕೆ ಕೊಡುವವರಲ್ಲಿ ಜೈನ ಸಮಾಜ ಎಂದೂ ಮುಂದು. ಹುಲ್ಲಿಗೆ, ನೀರಿಗೆ, ಚಿಕಿತ್ಸೆಗೆ ಎಷ್ಟು ಬೇಕೆಂದು ಕೇಳಿ ಕೊಡುತ್ತೇವೆ. ಇನ್ನೊಂದು ಪ್ರಶ್ನೆಯನ್ನೂ ಸೇರಿಸಬಹುದು: ನರಳುವ ಹಸುವಿಗೆ ಇಲ್ಲಿ ಯಾವ ನೋವುನಿವಾರಕ ಕೊಡುತ್ತೀರಿ? ಮೆಲಾಕ್ಸಿಕಾಮ್, ಟಾಲ್ಫೆನಾಮಿಕ್ ಆಮ್ಲ ಎಂಬ ಔಷಧಿಗಳು ರಣಹದ್ದುಗಳಿಗೆ ಹಾನಿ ಮಾಡವೆಂದು ಪರೀಕ್ಷೆಗಳಿಂದ ತಿಳಿದಿದೆ. ಹಸುವಿನ ನೋವನ್ನೂ ಅವು ನೀಗುತ್ತವೆ. ಯಾವುದನ್ನು, ಎಷ್ಟು ಕೊಡಬೇಕೆಂಬುದು ಪಶುವೈದ್ಯರ ನಿರ್ಧಾರ. ಕಪಾಟಿನಲ್ಲಿರುವ ಶೀಶೆಯ ಮೇಲಿನ ಹೆಸರನ್ನು ಓದುವುದು ಮಾತ್ರ ನಮ್ಮಿಂದಲೂ ಆಗುವ ಕೆಲಸ. ಒಂದು ಪ್ರಾಣಿಯ ಮೇಲಿನ ದಯೆ ಇನ್ನೊಂದರ ಪ್ರಾಣಕ್ಕೆ ಎರವಾಗಬೇಕಾಗಿಲ್ಲ ಎಂಬ ಈ ತಿಳಿವು ನಮಗೆ ದೊರೆತದ್ದು ಸತ್ತ ಹಕ್ಕಿಗಳನ್ನು ಹೆಕ್ಕಿ, ಉಳಿದವನ್ನು ಎಣಿಸಿದವರಿಂದ.

ಬೆಟ್ಟದ ಬುಡದಲ್ಲಿ ಕೆಲವೊಮ್ಮೆ ಗರಿಯೊಂದು ಬಿದ್ದಿರುತ್ತದೆ. ಮೊಳದುದ್ದದ, ಕಂದುಬಣ್ಣದ, ಹದ್ದಿನ ರೆಕ್ಕೆಯ ಗರಿ. ರಣಹದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಜೀವಿ. ಧಾಮದೊಳಗಿಂದ ಅದನ್ನು ಎತ್ತಿ ಒಯ್ಯುವಂತಿಲ್ಲ. ಸಮೀಕ್ಷಕ ಬಗ್ಗಿ ನೋಡುತ್ತಾನೆ, ಉದ್ದವನ್ನು ಅಳೆಯುತ್ತಾನೆ, ಸ್ಥಳ ಸಮಯಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಅಷ್ಟರಲ್ಲಿ ಇರುವೆಯೊಂದು ಗರಿಯ ದಂಟನ್ನು ಏರಿರುತ್ತದೆ. ಗರಿಯನ್ನು ಇದ್ದಲ್ಲಿಯೇ ಬಿಟ್ಟು ಆತ ಮುಕ್ಕಾಲಿಯ ಕಡೆಗೆ ಹಿಂದಿರುಗುತ್ತಾನೆ.